ಸಂಪಿಗೆ ಮರದ ಮಾಲಿಗೆ ಏನು ಕೂಲಿ?

“ಕೇಳ್ರಪ್ಪೋ ಕೇಳಿ! ಅರಮನೆ ತೋಟಕ್ಕೆ ಹೊಸ ಮಾಲಿ ಬೇಕು. ರಾಜಕುಮಾರಿ ಅಮ್ಮಣ್ಣಿಯವರು ಕೇಳುವ ಮೂರು ಒಗಟು ಬಿಡಿಸಿದವನಿಗೆ ಕೆಲಸ, ಬಾಯಿಬಿಟ್ಟು ಕೇಳಿದಷ್ಟು ಕೂಲಿ. ಒಂದು ತಪ್ಪಿದರೂ ತಲೆ ಹೋಗುತ್ತದೆ. ಹೊಸ ಮಾಲಿ ಗುದ್ದಲಿ ಹಿಡಿದ ದಿನವೇ ಹಳೇ ಮಾಲಿಗೆ ಗಲ್ಲು!”

ಮರಡಿಪಟ್ಟಣದ ಬೀದಿಬೀದಿಯಲ್ಲಿ ಹೀಗೆ ಡಂಗುರ ಹೊಡೆದರು. ಕೂಲಿಯ ಮಾತಿಗೆ ಜನ ಬಾಯಿ ಚಪ್ಪರಿಸಿದರು, ತಲೆಯ ಮಾತಿಗೆ ಕತ್ತು ಸವರಿಕೊಂಡರು. ಅರಮನೆ ತೋಟ ಗುಡಿಸುವ ಕಲ್ಲೇಶಿ ಮಾತ್ರ ಪೊರಕೆ ಹಿಡಿದವನು ಹಿಡಿದ ಹಾಗೇ ನಿಂತುಬಿಟ್ಟ. ಹಳೇ ಮಾಲಿ ತಿಪ್ಪಣ್ಣ ಅವನ ಸೋದರಮಾವ, ತಾಯಿ ಸತ್ತ ಮೇಲೆ ಸಾಕಿ ಬೆಳೆಸಿದವನು.

ದೊರೆ ಕೆಂಚರಸ ಕೆಟ್ಟವನೇನಲ್ಲ, ಆದರೆ ದೊರೆಗಳಿಗೆ ಇರುವ ಚಾಳಿ ಅವನಿಗೂ ಇತ್ತು. ತೋಟದಲ್ಲಿ ಒಂದು ಒಣಎಲೆ ಕಣ್ಣಿಗೆ ಬಿದ್ದರೂ ಅಪಶಕುನ ಎನ್ನುತ್ತಿದ್ದ. ಬಿದ್ದ ಎಲೆಯನ್ನೆಲ್ಲ ಬೆಳಕು ಹರಿಯುವುದರೊಳಗೆ ಗುಡಿಸಿ ಸುಡಬೇಕೆಂದು ಅಪ್ಪಣೆ. ಸುಟ್ಟವನು ಇದೇ ಕಲ್ಲೇಶಿ. ಗುಡಿಸಿ ಗುಡಿಸಿ ನೆಲ ಕಾದ ಹಂಚಿನಂತಾಯಿತು, ಗಿಡಗಳು ಬಾಡಿದವು. ದೊರೆ ತನ್ನ ಕೈಯಾರೆ ನೆಟ್ಟ ಸಂಪಿಗೆ ಸಸಿ ಮಗಳ ಹುಟ್ಟುಹಬ್ಬಕ್ಕೆ ಹೂ ಬಿಡಲಿಲ್ಲ. “ಇನ್ನೂ ಎಳೇದು ಬುದ್ಧೀ, ಬುಡಕ್ಕೆ ಎಲೆ ಬೀಳೋಕೆ ಬಿಡಿ” ಎಂದ ತಿಪ್ಪಣ್ಣ. ಅಪ್ಪಣೆಯನ್ನೇ ಆಡಿಕೊಳ್ಳುತ್ತೀಯಾ ಎಂದು ದೊರೆ ಅವನನ್ನು ಸೆರೆಗೆ ತಳ್ಳಿದ. ಆ ಮಾತು ಇನ್ನು ಯಾರಾಡಿದರೂ ಅದೇ ಗತಿ ಎಂದು ಗುಡುಗಿದ.

ಬೇರೆ ಯಾರು ಗೆದ್ದರೂ ಮಾವ ಉಳಿಯುವುದಿಲ್ಲ. ತಾನೇ ಗೆಲ್ಲಬೇಕು, ಗೆದ್ದು ಮಾವನನ್ನೇ ಕೂಲಿಯಾಗಿ ಕೇಳಬೇಕು. ಇಷ್ಟು ತಿಳಿದದ್ದೇ ಕಲ್ಲೇಶಿ ಕೈಕಾಲು ತೊಳೆದು ಸಭೆಯ ಸಾಲಿನ ಕೊನೆಯಲ್ಲಿ ಹೋಗಿ ನಿಂತ.

ರಾಜಕುಮಾರಿ ಹೊನ್ನಾಂಬೆ ಮೊದಲ ಒಗಟು ಹೇಳಿದಳು: “ಅವಳು ಮನೆಮಂದಿಗೆಲ್ಲ ಉಣಿಸುತ್ತಾಳೆ. ಅವಳ ಅನ್ನವನ್ನು ಮಾತ್ರ ನಾವು ದಿನಾ ಕಸಿದು ಬೆಂಕಿಗೆ ಹಾಕುತ್ತೇವೆ. ಯಾರವಳು? ಯಾವುದು ಆ ಅನ್ನ?”

ಸೇನಾಪತಿಯ ಅಳಿಯ ಮೀಸೆ ತಿರುವಿ ಮುಂದೆ ಬಂದ. “ಹಸು! ಹುಲ್ಲು!” ಎಂದ. ರಾಜಕುಮಾರಿ ಇಲ್ಲವೆಂದು ತಲೆಯಾಡಿಸಿದಳು, ಭಟರು ಅವನನ್ನು ಸೆರೆಗೆ ಎಳೆದುಕೊಂಡು ಹೋದರು. ಆಮೇಲೆ ಬಂದವನು ಅತ್ತರಿನ ವ್ಯಾಪಾರಿ. “ಅವಳು ಭೂಮಿತಾಯಿ” ಎಂದ.

ಅರ್ಧ ಸರಿ, ಉಳಿದರ್ಧವನ್ನೂ ಹೇಳಿಬಿಟ್ಟರೆ ಮಾವನ ಕಥೆ ಮುಗಿಯಿತು ಎಂದುಕೊಂಡ ಕಲ್ಲೇಶಿ.

“ಅನ್ನ?”

“ನೀರು.”

“ನೀರನ್ನು ಬೆಂಕಿಗೆ ಹಾಕುವವರು ಯಾರಪ್ಪಾ?” ಎಂದಳು ರಾಜಕುಮಾರಿ. ಅವಳ ದನಿ ನಡುಗುತ್ತಿತ್ತು. ವ್ಯಾಪಾರಿ ಅಳುತ್ತಲೇ ಹೋದ. ಅದನ್ನು ಕಂಡು ಸಾಲಿನಲ್ಲಿದ್ದವರೆಲ್ಲ ಮೆಲ್ಲಗೆ ಜಾರಿಕೊಂಡರು, ಕಲ್ಲೇಶಿ ಒಬ್ಬನೇ ಉಳಿದ.

ಅವನಿಗೆ ಉತ್ತರ ಗೊತ್ತಿತ್ತು. ಅದನ್ನು ದೊರೆಯ ಎದುರಿಗೆ ಹೇಳುವುದು ಹೇಗೆಂಬುದೇ ಗೊತ್ತಿರಲಿಲ್ಲ. ಕೈ ಮುಗಿದು ಮುಂದೆ ಬಂದ.

“ಅವಳು ಭೂಮಿನೇ, ಅಮ್ಮಣ್ಣೀ. ಅವಳ ಅನ್ನ ಒಣಎಲೆ. ಕಸಿದು ಸುಟ್ಟೋನು ನಾನೇ.”

ಕೆಂಚರಸನ ಕೈ ಕತ್ತಿಯ ಹಿಡಿಗೆ ಹೋಯಿತು.

“ಉತ್ತರ ಸರಿ!” ಎಂದು ರಾಜಕುಮಾರಿ ಸಭೆಗೆಲ್ಲ ಕೇಳುವಂತೆ ಕೂಗಿದಳು. ತುಂಬಿದ ಸಭೆ, ಡಂಗುರ ಹೊಡೆಸಿ ಕೊಟ್ಟ ಮಾತು. ದೊರೆಯ ಕೈ ಅಲ್ಲೇ ನಿಂತಿತು, ಆದರೆ ಹಿಡಿ ಬಿಡಲಿಲ್ಲ.

“ಎರಡನೆಯದು” ಎಂದಳು ರಾಜಕುಮಾರಿ. “ಕಣ್ಣಿಲ್ಲದ, ಕಾಲಿಲ್ಲದ ಆಳೊಬ್ಬ ಗುದ್ದಲಿಯಿಲ್ಲದೆ ನನ್ನ ತೋಟ ಅಗೆಯುತ್ತಿದ್ದ. ಕೂಲಿ ಕೇಳಲಿಲ್ಲ, ಹಬ್ಬಕ್ಕೆ ರಜೆ ಕೇಳಲಿಲ್ಲ. ಆದರೂ ಬಿಟ್ಟು ಹೋದ. ಯಾರವನು? ಯಾಕೆ ಹೋದ?”

“ಎರೆಹುಳ, ಅಮ್ಮಣ್ಣೀ. ಎಲೆ ಕೊಳೆತರೆ ಅವನಿಗೆ ಊಟ, ನೆರಳು. ಎರಡೂ ಇಲ್ಲದ ಕಡೆ ಅವನಾದರೂ ಯಾಕಿರ್ತಾನೆ?”

ದೊರೆಯ ಮುಖ ಕೆಂಪೇರಿತು. ರಾಜಕುಮಾರಿ ಮೂರನೆಯದಕ್ಕೆ ಬಂದಳು.

“ಮಾಲಿಗೆ ಕೊಡಬೇಕಾದ ಕೂಲಿ ಒಂದಿದೆ. ಅದು ಬೊಕ್ಕಸದಲ್ಲಿಲ್ಲ. ಬಡವನೂ ಕೊಡಬಲ್ಲ. ಕೊಟ್ಟರೆ ಹೂವು, ಕೊಡದಿದ್ದರೆ ಬರೀ ಕಟ್ಟಿಗೆ. ಯಾವುದದು?”

ಇದು ಮಾತ್ರ ಕಲ್ಲೇಶಿಗೆ ಗೊತ್ತಿರಲಿಲ್ಲ. ಪ್ರೀತಿಯೇ? ಮರ್ಯಾದೆಯೇ? ಬಾಯಿಗೆ ಬಂದದ್ದನ್ನು ಹಾಗೇ ನುಂಗಿಕೊಂಡ. ತಲೆ ಎತ್ತಿ ದೊರೆಯ ಕಡೆ ನೋಡಿದ. ಕೆಂಚರಸ ಸಿಂಹಾಸನದ ತುದಿಗೆ ಕೂತು ಕಾಲು ಕುಣಿಸುತ್ತಿದ್ದ. “ಹೇಳೋ ಬೇಗ!” ಎಂದ. ದಿನಾ ಬೆಳಗ್ಗೆ ಸಂಪಿಗೆಯ ಎಳೆಯ ಕೊಂಬೆ ಬಗ್ಗಿಸಿ, ಮೊಗ್ಗೆಲ್ಲೋ ಎಂದು ಮಾವನನ್ನು ಗದರಿಸುತ್ತಿದ್ದದ್ದೂ ಇದೇ ದನಿಯಲ್ಲಿ.

“ಕಾಯೋದು, ಅಮ್ಮಣ್ಣೀ” ಎಂದ ಕಲ್ಲೇಶಿ. “ಯಜಮಾನ ಆದೋನು ಕಾಯಬೇಕು. ಅದೊಂದು ಕೊಡದಿದ್ರೆ ಮಾಲಿಗೆ ಏನು ಕೊಟ್ಟರೂ ಗಿಡ ಹೂ ಬಿಡಲ್ಲ.”

ರಾಜಕುಮಾರಿ ಅಳುತ್ತಾ ನಕ್ಕಳು. “ಅಪ್ಪಾಜೀ, ಮೂರೂ ಸರಿ. ತಿಪ್ಪಣ್ಣ ಹೇಳಿದ್ದೂ ಇದನ್ನೇ. ನಾನು ಹೇಳಲು ಬಂದಾಗಲೆಲ್ಲ ಬಾಯಿ ಮುಚ್ಚಿಸಿದಿರಿ. ಅದಕ್ಕೇ ಒಗಟು ಮಾಡಿದೆ. ನೀವು ಅದಕ್ಕೆ ತಲೆ ತೆಗೆಯುವ ಮಾತು ಸೇರಿಸಿದಿರಿ.”

ದೊರೆ ಕತ್ತಿಯ ಹಿಡಿಯಿಂದ ಕೈ ತೆಗೆದ. ಕೊನೆಗೆ, “ಕೂಲಿ ಎಷ್ಟು ಬೇಕು, ಕೇಳು” ಎಂದ.

“ಅದೇ ಕೂಲಿ ಸಾಕು ಬುದ್ಧೀ. ಸಂಪಿಗೆ ಹೂ ಬಿಡೋ ತನಕ ಕಾಯಿರಿ. ಅಲ್ಲೀತನಕ ಯಾರ ತಲೇನೂ ತೆಗೀಬೇಡಿ. ಮಾವನ್ನ ತೋಟಕ್ಕೆ ಬಿಡಿ.”

“ಹೂ ಬಿಟ್ಟ ಮೇಲೆ?”

“ಆಗ ತಮ್ಮ ಚಿತ್ತ.”

ತಿಪ್ಪಣ್ಣ, ಸೇನಾಪತಿಯ ಅಳಿಯ, ವ್ಯಾಪಾರಿ ಎಲ್ಲರೂ ಸೆರೆಯಿಂದ ಹೊರಬಂದರು. ತೋಟದಲ್ಲಿ ಎಲೆ ಬಿದ್ದಲ್ಲೇ ಕೊಳೆಯಿತು, ಎರೆಹುಳ ತಿರುಗಿ ಬಂತು. ಮಳೆಗಾಲಗಳು ಬಂದು ಹೋದವು. ಕೆಂಚರಸ ದಿನಾ ಬೆಳಗ್ಗೆ ಬಂದು ಸಂಪಿಗೆಯ ಕೆಳಗೆ ನಿಲ್ಲುತ್ತಿದ್ದ. ಮೊದಮೊದಲು ಗೊಣಗುತ್ತಿದ್ದ, ಆಮೇಲೆ ಸುಮ್ಮನೆ ಕೂರುವುದನ್ನು ಕಲಿತ.

ಒಂದು ಬೆಳಗ್ಗೆ ಗಮ್ಮೆಂದು ವಾಸನೆ ಬಂತು. ಮೊದಲ ಹೂ ಅರ್ಧ ಬಾಯಿ ತೆರೆದಿತ್ತು. ಕಲ್ಲೇಶಿ ಮಾವನ ಕೈ ಗಟ್ಟಿಯಾಗಿ ಹಿಡಿದುಕೊಂಡ. ಬೇಡಿದ್ದ ಗಡುವು ಅವತ್ತಿಗೆ ಮುಗಿದಿತ್ತು. ದೊರೆ ಹೂ ಕೀಳಲು ಕೈ ಎತ್ತಿದ.

ಎತ್ತಿದ ಕೈಯನ್ನು ಅಲ್ಲೇ ಇಳಿಸಿದ.

“ಇನ್ನೂ ಪೂರ್ತಿ ಅರಳಿಲ್ಲ ಕಣೋ ತಿಪ್ಪಣ್ಣ” ಎನ್ನುತ್ತಾ ಮರದ ಬುಡದ ಒಣಎಲೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. “ನೀವೂ ಕೂತ್ಕೊಳ್ರೋ. ಕಾಯೋಣ.”