ಬಸ್ ಟಿಕೆಟ್ಟೂ ಹೊಸ ಕಾದಂಬರಿಯೂ

ಅಡಿವೆಪ್ಪನವರ ಪುಸ್ತಕದಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಕೊಳ್ಳಲಾಗದವರು ಅಲ್ಲೇ ನಿಂತು ಓದಿ, ನಿಲ್ಲಿಸಿದ ಪುಟದಲ್ಲಿ ಬಸ್ ಟಿಕೆಟ್ ಇಟ್ಟು ಹೋಗಬಹುದಿತ್ತು. ಟಿಕೆಟ್ ಇರುವ ಪ್ರತಿಯನ್ನು ಅವರು ಯಾರಿಗೂ ಮಾರುತ್ತಿರಲಿಲ್ಲ.

ಹೊಸ ಕಾದಂಬರಿಯೊಂದಕ್ಕೆ ಇದನ್ನು ಸಹಿಸಲಾಗಲಿಲ್ಲ. "ಹೊರಗೆ ನಡೆ," ಎಂದಿತು ತನ್ನೊಳಗಿನ ಟಿಕೆಟ್ಟಿಗೆ. "ನಿನ್ನಿಂದಾಗಿ ನನಗೊಂದು ಒಳ್ಳೆಯ ಮನೆ ಸಿಗುತ್ತಿಲ್ಲ."

"ಹೊಲಿಗೆಯ ಶಕೀಲಾ ಅರ್ಧಕ್ಕೆ ಬಂದಿದ್ದಾಳೆ, ತಾಳು," ಎಂದಿತು ಟಿಕೆಟ್. "ಯಾರಾದರೂ ಓದಿದಷ್ಟೇ ಅಲ್ಲವೇ ಪುಸ್ತಕಕ್ಕೂ ತನ್ನ ಕತೆ ಗೊತ್ತಾಗುವುದು? ಉಳಿದದ್ದು ನಿನಗಾದರೂ ಎಲ್ಲಿ ಗೊತ್ತು?"

ಕಾದಂಬರಿ ತಾಳಲಿಲ್ಲ. ಫ್ಯಾನಿನ ಗಾಳಿಗೆ ಹಾಳೆ ಬಿಡಿಸಿ ಟಿಕೆಟ್ಟನ್ನು ನೆಲಕ್ಕೆ ಕೆಡವಿತು. ಮಧ್ಯಾಹ್ನವೇ ವಕೀಲರೊಬ್ಬರು ಕಾದಂಬರಿಯನ್ನು ಕೊಂಡೊಯ್ದು, ಮನೆಯ ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಸಂಜೆ ಶಕೀಲಾ ಬಂದು ಹುಡುಕಿದಳು. ಅಡಿವೆಪ್ಪ ಇನ್ನೊಂದು ಪ್ರತಿ ತೆಗೆದು, "ಕತಿ ಎಲ್ಲೀ ತನಕ ಬಂದಿತ್ತವಾ?" ಎಂದು ಕೇಳಿದರು. ಪುಟ ಅವಳಿಗೆ ನೆನಪಿರಲಿಲ್ಲ. ಕತೆಯನ್ನೇ ಮೊದಲಿನಿಂದ ಹೇಳತೊಡಗಿದಳು. ಅಂಗಡಿಯಲ್ಲಿದ್ದವರೆಲ್ಲ ಕೈಯಲ್ಲಿದ್ದ ಪುಸ್ತಕ ಮುಚ್ಚಿ ಕೇಳಿದರು. "ಮುಂದೇನಾತು?" ಎಂದರೆ ಅವಳಿಗೂ ಗೊತ್ತಿಲ್ಲ. ಉಳಿದ ಪ್ರತಿಗಳಿಗೆ ಎಲ್ಲರೂ ಕೈಚಾಚಿದರು. ಅಡಿವೆಪ್ಪ ನೆಲದ ಟಿಕೆಟ್ಟನ್ನು ಎತ್ತಿ, ಒರೆಸಿ, ಅವಳ ಪ್ರತಿಯಲ್ಲಿಟ್ಟರು.

ಕೆಲವೇ ದಿನಗಳಲ್ಲಿ ಊರೆಲ್ಲ ಅದೇ ಮಾತು. ವಕೀಲರ ಮನೆಗೆ ಬಂದ ನೆಂಟರೊಬ್ಬರು ಆ ಕತೆಯ ಕೊನೆಯನ್ನು ಹೇಳುತ್ತ ಕಣ್ಣೊರೆಸಿಕೊಂಡರು. ಕಪಾಟಿನ ಕಾದಂಬರಿ ಕಿವಿಗೊಟ್ಟು ಕೇಳಿತು.

"ಎಂಥ ಚಂದದ ಕತೆ," ಎಂದಿತು ಬೀಗಕ್ಕೆ. "ಯಾವ ಪುಸ್ತಕದ್ದು?"

"ನಿನ್ನದೇ," ಎಂದಿತು ಬೀಗ.