ನೆರಳು ಬರೆಯುವ ಕೆಂಚನೂ ಪಂಡಿತರ ಪೀಠವೂ

“ಕೇಳಿರಪ್ಪೋ ಕೇಳಿ! ಕುತ್ತಿಗೆಯ ಗಂಟುಗಳ ಬಗ್ಗೆ ಮಹಾರಾಜರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಆಸ್ಥಾನ ವೈದ್ಯರ ಪೀಠ. ತಪ್ಪಿದವನಿಗೆ ಹುಣ್ಣಿಮೆಯ ದಿನ ಶೂಲ!”

ಡಂಗುರ ಬೀದಿ ಸುತ್ತಿ ಬರುವಷ್ಟರಲ್ಲಿ ವಿಶ್ವಂಭರ ಪಂಡಿತರ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಆ ಪೀಠ ಮೂವತ್ತು ವರ್ಷದಿಂದ ಅವರದು. ಆದರೆ ಮಹಾರಾಣಿಯ ಕುತ್ತಿಗೆ ಮುಟ್ಟಿ ನೋಡಿ, “ಅವರೆಕಾಳಿನಷ್ಟು ಗಂಟು, ಚಿಂತೆಯಿಲ್ಲ” ಎಂದವರೂ ಅವರೇ. ಅದು ಅರ್ಬುದವಾಗಿತ್ತು. ರಾಣಿ ಉಳಿಯಲಿಲ್ಲ.

ಅರಮನೆಯಲ್ಲೊಂದು ಒಳಗನ್ನಡಿ ಇತ್ತು. ಕುತ್ತಿಗೆಗೆ ಹಿಡಿದರೆ ಒಳಗಿನ ಗಂಟಿನ ನೆರಳು ಅದರಲ್ಲಿ ಮೂಡುತ್ತಿತ್ತು. ಪಂಡಿತರು ಅದನ್ನು ಆಟಿಕೆ ಎಂದು ಹಳಿಯುತ್ತಿದ್ದರು. ಆ ನೆರಳುಗಳನ್ನು ಇದ್ದಿಲಿನಿಂದ ಬಟ್ಟೆಯ ಮೇಲೆ ಬರೆದಿಡುವುದು ಕೆಂಚನ ಚಾಕರಿ. ಬರೆದು ಸುಮ್ಮನಿರುವ ಆಸಾಮಿಯಲ್ಲ ಅವನು. ವರ್ಷ ಕಳೆದ ಮೇಲೆ ಅವರವರ ಮನೆ ಹುಡುಕಿಕೊಂಡು ಹೋಗಿ, “ಹೆಂಗಿದೀರವ್ವಾ?” ಎಂದು ವಿಚಾರಿಸಿ, ಬದುಕಿದ್ದರೆ ಒಂದು ಗುರುತು, ಸತ್ತಿದ್ದರೆ ಒಂದು ಗುರುತು ಅದೇ ಬಟ್ಟೆಯ ಮೇಲೆ ಹಾಕುತ್ತಿದ್ದ. ಜನ ಪಂಡಿತರಿಗೆ ಕೈಮುಗಿಯುತ್ತಿದ್ದರು. ಕೆಂಚನನ್ನು ಕೂರಿಸಿ ಮಜ್ಜಿಗೆ ಕೊಡುತ್ತಿದ್ದರು. ಆ ಮಜ್ಜಿಗೆಯ ಮೇಲೂ ಪಂಡಿತರಿಗೆ ಹೊಟ್ಟೆಕಿಚ್ಚು.

ಸಭೆ ಕೂಡಿತು. ಅರಸ ಮೊದಲ ಒಗಟು ಕೇಳಿದ: “ಒಂದು ಗಂಟು ನಿಂಬೆಹಣ್ಣಿನಷ್ಟು, ಒಳಗೆಲ್ಲ ಜೇನುಗೂಡಿನ ಹಾಗೆ ತೂತು. ಇನ್ನೊಂದು ಅವರೆಕಾಳಿನಷ್ಟು, ಕಪ್ಪು, ಅಗಲಕ್ಕಿಂತ ಎತ್ತರ ಜಾಸ್ತಿ. ಯಾವುದಕ್ಕೆ ಹೆದರಬೇಕು?”

“ದೊಡ್ಡದಕ್ಕೆ” ಎಂದ ಹೊಳೆಯಾಚೆಯ ವೈದ್ಯ. ಭಟರು ಅವನನ್ನು ಸೆರೆಮನೆಗೆ ಎಳೆದೊಯ್ದರು. ನಾನೂ ಇಷ್ಟು ವರ್ಷ ಅದನ್ನೇ ಹೇಳುತ್ತ ಬಂದೆನಲ್ಲ ಎಂದುಕೊಂಡು ಪಂಡಿತರು ಶಾಲನ್ನು ಕುತ್ತಿಗೆಗೆ ಬಿಗಿಯಾಗಿ ಸುತ್ತಿಕೊಂಡರು.

ಎರಡನೆಯ ವೈದ್ಯ ಅದನ್ನು ನೋಡಿಕೊಂಡು “ಚಿಕ್ಕದಕ್ಕೆ” ಎಂದು ಪಾರಾದ. ಅರಸ ಮುಂದಿನದನ್ನು ಕೇಳಿದ: “ಒಂದೇ ಅಳತೆಯ ಎರಡು ಗಂಟು. ಒಂದರ ಅಂಚು ನುಣುಪು. ಇನ್ನೊಂದರದು ಇಲಿ ಕಡಿದ ರೊಟ್ಟಿ, ಒಳಗೆ ರವೆ ಚೆಲ್ಲಿದಂತೆ ಬಿಳಿ ಚುಕ್ಕೆ. ಯಾವುದು ಕೇಡಿನದು?”

“ನುಣುಪಾದದ್ದು. ಬಿಳಿ ಚುಕ್ಕೆ ಗಂಟು ಒಣಗುತ್ತಿರುವ ಲಕ್ಷಣ” ಎಂದ. ಅವನನ್ನೂ ಎಳೆದೊಯ್ದರು.

ಆಗ ಕೆಂಚ ಮಸಿ ಹತ್ತಿದ ಕೈಯನ್ನು ಪಂಚೆಗೆ ಒರೆಸಿಕೊಂಡು ಮುಂದೆ ಬಂದ. “ಚಿಕ್ಕದಕ್ಕೇ ಹೆದರಬೇಕು ಬುದ್ಧಿ. ಸಾಧು ಗಂಟು ಅಡ್ಡ ಮಲಗಿರ್ತದೆ, ಕೇಡಿನದು ಎದ್ದು ನಿಲ್ತದೆ. ಜೇನುಗೂಡಿನಂಥೋರು ನನ್ನ ಬಟ್ಟೆಯಲ್ಲಿ ಹೆಚ್ಚುಕಮ್ಮಿ ಎಲ್ಲಾರೂ ಬದುಕವ್ರೆ. ಇನ್ನು ಎರಡನೇದು. ಅಂಚು ಹರಿದದ್ದು ಅಂದ್ರೆ ಅಕ್ಕಪಕ್ಕಕ್ಕೆ ಬಾಯಿ ಹಾಕ್ತಾ ಅದೆ ಅಂತ. ರವೆಯಂಥ ಚುಕ್ಕೆ ಇದ್ದೋರ ಮನೇಲಿ ನಾನು ಜಾಸ್ತಿ ಅಳುವೇ ಕೇಳಿದೀನಿ.”

ಅರಸ ತಲೆದೂಗಿದ. “ಮೂರನೆಯದನ್ನು ನೀವೇ ಕೇಳಿ ಪಂಡಿತರೇ. ಪೀಠ ನಿಮ್ಮದಲ್ಲವೇ?”

ಪಂಡಿತರು ಇದಕ್ಕೇ ಕಾದಿದ್ದರು. ಕೆಂಚನಿಗೂ ತಿಳಿಯದಂತೆ ತಾವೇ ಬರೆದು, ಎಂಟು ತಿಂಗಳಿಂದ ಮಡಿಸಿ ಇಟ್ಟುಕೊಂಡಿದ್ದ ಬಟ್ಟೆಯೊಂದನ್ನು ಬಿಡಿಸಿದರು. ಅದರಲ್ಲಿನ ನೆರಳು ತೀರ ಕಪ್ಪೂ ಅಲ್ಲ, ಬಿಳಿಯೂ ಅಲ್ಲ. ಅಂಚು ಒಂದು ಕಡೆ ನುಣುಪು, ಒಂದು ಕಡೆ ಮಸುಕು. ಎಷ್ಟು ಸಲ ನೋಡಿದರೂ ಅವರಿಗೇ ಬಗೆಹರಿಯದ ನೆರಳು ಅದು.

“ಇದು ಕೊಲ್ಲುತ್ತದೆಯೋ, ಬಿಡುತ್ತದೆಯೋ? ಹೇಳು.”

ಕೆಂಚ ಬಹಳ ಹೊತ್ತು ನೋಡಿದ. “ಗೊತ್ತಿಲ್ಲ” ಎಂದ.

ಪಂಡಿತರಿಗೆ ಸಂತೋಷದಿಂದ ಮೈ ಜುಮ್ಮೆಂದಿತು. ಭಟರು ಹೆಜ್ಜೆ ಮುಂದಿಟ್ಟರು.

“ಪೂರ್ತಿ ಕೇಳಿ ಬುದ್ಧಿ” ಎಂದ ಕೆಂಚ. “ಇಂಥ ನೆರಳಿನ ನೂರು ಜನರಲ್ಲಿ ಹತ್ತು ಜನಕ್ಕೆ ಕೇಡು, ಮಿಕ್ಕವರಿಗೆ ಏನೂ ಇಲ್ಲ. ನೆರಳು ಎಷ್ಟು ಹೆದರಬೇಕು ಅಂತ ಮಾತ್ರ ಹೇಳ್ತದೆ. ಕಾಯಿಲೆ ಹೌದೋ ಅಲ್ಲವೋ ಅನ್ನಕ್ಕೆ ಸೂಜಿ ಚುಚ್ಚಿ ಒಂದು ತೊಟ್ಟು ತೆಗೆದು ಭೂತಗನ್ನಡೀಲಿ ನೋಡಬೇಕು. ಇದು ಯಾರದು ಬುದ್ಧಿ? ಪಾಪ, ಒಬ್ಬರೇ ಹೆದರಿಕೊಂಡು ಕೂತಿರ್ತಾರೆ.”

ಅರಸ ತಿರುಗಿದ. “ಸರಿಯುತ್ತರ ಏನು ಪಂಡಿತರೇ?”

ಪಂಡಿತರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಸುಳ್ಳು ಹೇಳಿದರೆ ಕೆಂಚ ಶೂಲಕ್ಕೆ ಹೋಗುತ್ತಾನೆ, ಪೀಠ ಉಳಿಯುತ್ತದೆ. ಆದರೆ ಆಮೇಲೆ ಆ ಸೂಜಿ ಹಿಡಿಯುವವರು ಯಾರು? ಅವರು ಮೆಲ್ಲಗೆ ಕುತ್ತಿಗೆಯ ಶಾಲು ತೆಗೆದರು. ಬಟ್ಟೆಯ ಮೇಲಿನ ನೆರಳು ಯಾವ ಗಂಟಿನದೆಂದು ಸಭೆಗೆಲ್ಲ ಕಂಡಿತು.

“ಉತ್ತರ ನನಗೂ ಗೊತ್ತಿಲ್ಲ ಪ್ರಭು. ಅವನು ಹೇಳಿದ್ದೇ ಸರಿ.”

ಪೀಠ ಕೆಂಚನದಾಯಿತು. ಅವನು ಮೊದಲು ಬೇಡಿದ್ದು ಸೆರೆಯಲ್ಲಿದ್ದ ಇಬ್ಬರು ವೈದ್ಯರ ಜೀವವನ್ನು; ಅರಸ ಬಿಟ್ಟುಕೊಟ್ಟ. ಮೊದಲು ಸೂಜಿ ಚುಚ್ಚಿದ್ದು ಪಂಡಿತರಿಗೆ. ತೊಟ್ಟಿನಲ್ಲಿ ಕೇಡಿರಲಿಲ್ಲ. “ಆದರೂ ವರ್ಷಕ್ಕೊಂದು ಸಲ ಬಂದು ತೋರಿಸಿ, ಪಂಡಿತರೇ” ಎಂದ ಕೆಂಚ.

ಪಂಡಿತರು ವರ್ಷ ವರ್ಷವೂ ಹೋದರು. ತಮ್ಮದಾಗಿದ್ದ ಪೀಠದ ಮುಂದೆ ಮಣೆ ಹಾಕಿಕೊಂಡು ಕೂತು ಕುತ್ತಿಗೆ ಎತ್ತುತ್ತಿದ್ದರು. ಕೆಂಚ ಹಳೆಯ ಬಟ್ಟೆಯ ಪಕ್ಕ ಹೊಸದನ್ನು ಹಾಸಿ, “ಹೋದ ವರ್ಷದಷ್ಟೇ ಅದೆ” ಎನ್ನುತ್ತಿದ್ದ. ಹೊಟ್ಟೆಕಿಚ್ಚೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಕೆಂಚ ಅದನ್ನು ಬಟ್ಟೆಯ ಮೇಲೆ ಬರೆಯಲಿಲ್ಲ. ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದ.