ಶವಾಸನದಲ್ಲಿ ನಿದ್ದೆ ಹೋದವಳು

“ಗುರುಗಳೇ, ಯೋಗದ ಕ್ಲಾಸು ಸಾಧನೆಯಾಗಿರಬೇಕೋ, ಬರೀ ವ್ಯಾಯಾಮವಾಗಿರಬೇಕೋ?” ಎಂದು ಫಕ್ಕೀರೇಶ ಕೇಳಿದ.

ಅವನು ಆರು ವರ್ಷದಿಂದ ಪಟ್ಟಣದ ಹೊಸ ಬಡಾವಣೆಯಲ್ಲಿ ಯೋಗ ಕಲಿಸುತ್ತಿದ್ದ. ತಾನು ಕಲಿತದ್ದು ಈ ಗುರುಗಳ ಹತ್ತಿರವೇ. ಬಸ್ಸಿಳಿದವನು ಕೈಕಾಲು ಸಹ ತೊಳೆಯದೆ ನೇರ ಬಂದು ಅವರೆದುರು ಕೂತಿದ್ದ. ಕೂತಲ್ಲಿ ಕೂರಲಾಗದೆ ಒಮ್ಮೆ ಕಾಲು ಮಡಚುತ್ತಿದ್ದ, ಒಮ್ಮೆ ಚಾಚುತ್ತಿದ್ದ. ಅವನ ಕ್ಲಾಸು ಎರಡು ಹೋಳಾಗಿತ್ತು. ಅರ್ಧ ಜನ ಓಂಕಾರ, ಧ್ಯಾನ ಬೇಕೇ ಬೇಕು ಎನ್ನುತ್ತಿದ್ದರು. ಇನ್ನರ್ಧ ಜನ, ನಾವು ಬಂದದ್ದು ಸೊಂಟನೋವಿಗೆ, ಮೋಕ್ಷಕ್ಕಲ್ಲ ಎನ್ನುತ್ತಿದ್ದರು. ಸೋಮವಾರದೊಳಗೆ ಒಂದು ತೀರ್ಮಾನ ಹೇಳದಿದ್ದರೆ ಯಾವುದಾದರೂ ಒಂದು ಗುಂಪು ಎದ್ದು ಹೋಗುವುದು ಖಂಡಿತ. ಇಷ್ಟನ್ನೂ ಅವನು ಒಂದೇ ಉಸಿರಿಗೆ ಹೇಳಿ ಮುಗಿಸಿದ.

“ಮೊದಲು ನೀರು ಕುಡಿಯೋ ತಮ್ಮಾ” ಎಂದರು ಗುರುಗಳು. “ನಿನ್ನ ಪ್ರಶ್ನೆಯೇನೂ ಓಡಿ ಹೋಗುವುದಿಲ್ಲ.”

ಅವನು ನೀರು ಕುಡಿದ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಯೋಗ ಶಿಕ್ಷಕನಿದ್ದ. ಯಾವ ಊರು ಎಂದು ಕೇಳಬೇಡ, ನಿನ್ನ ಊರಲ್ಲ. ಒಳ್ಳೆಯವನು. ಬೆಳಗಿನ ಐದೂವರೆಗೆ ಸಮುದಾಯ ಭವನದ ಬೀಗ ತೆಗೆದು, ತಾನೇ ಕಸ ಗುಡಿಸಿ, ಇಪ್ಪತ್ತು ಇಪ್ಪತ್ತೈದು ಜನರಿಗೆ ಕಲಿಸುತ್ತಿದ್ದ. ಎಲ್ಲ ನೆಟ್ಟಗಿತ್ತು. ಆದರೆ ಕ್ಲಾಸಿನಲ್ಲಿ ಇಬ್ಬರು ದೊಡ್ಡ ಮನುಷ್ಯರಿದ್ದರು. ಒಬ್ಬರು ಪಿಂಚಣಿ ಪಡೆಯುವ ಮೇಷ್ಟ್ರು, ಇನ್ನೊಬ್ಬ ಬಟ್ಟೆ ವ್ಯಾಪಾರಿ. ಮೇಷ್ಟ್ರು ಕಣ್ಣು ಮುಚ್ಚಿ ಓಂ ಎಂದು ಎಳೆಯಲು ಶುರುಮಾಡಿದರೆ ವ್ಯಾಪಾರಿ ಗಡಿಯಾರ ನೋಡುತ್ತಿದ್ದ. ವ್ಯಾಪಾರಿ ಇನ್ನೂ ಹನ್ನೆರಡು ಸೂರ್ಯನಮಸ್ಕಾರ ಹಾಕಿಸಿ ಎಂದರೆ, ಇದೇನು ಗರಡಿಮನೆಯೇ ಎಂದು ಮೇಷ್ಟ್ರು ಮುಖ ಸಿಂಡರಿಸುತ್ತಿದ್ದರು. ಇಬ್ಬರ ಹಿಂದೆಯೂ ಜನ ಸೇರಿಕೊಂಡರು. ಆಮೇಲೆ ಕೇಳಬೇಕೆ? ಚಾಪೆಗಳು ಸಹ ಎರಡು ಕಡೆಗೆ ಸರಿದವು. ನಡುವೆ ಓಡಾಡುವಷ್ಟು ಜಾಗ.

ಆ ಶಿಕ್ಷಕನಿಗೆ ಊಟ ರುಚಿಸದಂತಾಯಿತು. ಮೇಷ್ಟ್ರ ಮಾತು ಕೇಳಿದಾಗ ಅದು ಸರಿ ಅನಿಸುತ್ತಿತ್ತು. ವ್ಯಾಪಾರಿಯ ಮಾತು ಕೇಳಿದಾಗ ಇದೂ ಸರಿ ಅನಿಸುತ್ತಿತ್ತು. ಪುಸ್ತಕ ತೆಗೆದು ನೋಡಿದ. ಪುಸ್ತಕದಲ್ಲಿ ಇಬ್ಬರಿಗೂ ಬೇಕಾದದ್ದು ಇತ್ತು. ನಿನ್ನ ಹಾಗೆಯೇ ಕೂತಲ್ಲಿ ಕೂರುತ್ತಿರಲಿಲ್ಲ, ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಈ ಎರಡೂ ಗುಂಪಿಗೆ ಸೇರದೆ ಬಾಗಿಲ ಪಕ್ಕದಲ್ಲಿ ಒಬ್ಬ ಹೆಂಗಸು ಇರುತ್ತಿದ್ದಳು. ಅವಳಿಗೆ ಚಾಪೆ ಇರಲಿಲ್ಲ, ಹಳೆಯ ಚಾದರವೊಂದನ್ನು ಹಾಸಿಕೊಳ್ಳುತ್ತಿದ್ದಳು. ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು. ಬಡಿದೂ ಬಡಿದೂ ಬಲಭುಜ ಮೇಲೇಳದಂತಾದಾಗ ಡಾಕ್ಟರು ಯೋಗಕ್ಕೆ ಹೋಗು ಎಂದಿದ್ದರು. ಮನೆಯಲ್ಲಿ ಲಕ್ವ ಹೊಡೆದು ಮಲಗಿದ ಅತ್ತೆ. ಆ ಮುದುಕಿಗೆ ರಾತ್ರಿ ನಿದ್ದೆಯಿಲ್ಲ. ನೀರು ಬೇಕೆಂದು, ಮಗ್ಗುಲು ಬದಲಿಸೆಂದು, ಏನೂ ಇಲ್ಲದಿದ್ದರೆ ಹೆದರಿಕೆಯಾಗುತ್ತದೆಂದು ಅರ್ಧ ಗಂಟೆಗೊಮ್ಮೆ ಕರೆಯುತ್ತಿದ್ದಳು. ಹಗಲಾದರೆ ಖಾನಾವಳಿಯಲ್ಲಿ ಕರೆ. ಬೆಳಗಿನ ಒಂದು ತಾಸು ಮಾತ್ರ ಗಂಡ ತನ್ನ ತಾಯಿಯ ಹತ್ತಿರ ಕೂರುತ್ತಿದ್ದ. ಆ ತಾಸಿನಲ್ಲಿ ಈಕೆ ಭವನಕ್ಕೆ ಬರುತ್ತಿದ್ದಳು. ಭುಜದ ನೋವು ಹೋಯಿತೋ ಇಲ್ಲವೋ ದೇವರೇ ಬಲ್ಲ. ಕೊನೆಯ ಹತ್ತು ನಿಮಿಷ ಎಲ್ಲರೂ ಶವಾಸನದಲ್ಲಿ ಕೈಕಾಲು ಸಡಿಲಬಿಟ್ಟು ಮಲಗುತ್ತಾರಲ್ಲ, ಆಗ ಅವಳು ನಿದ್ದೆ ಹೋಗುತ್ತಿದ್ದಳು. ಅವಳನ್ನು ಯಾರೂ ಕರೆಯದ ಹೊತ್ತು ಇಡೀ ದಿನದಲ್ಲಿ ಅದೊಂದೇ.

ಇದು ಶಿಕ್ಷಕನಿಗೆ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಅವನು ಕೇಳಿರಲಿಲ್ಲ. ಯೋಗ ಎಂದರೇನು ಎಂದು ಊರೆಲ್ಲ ಕೇಳಿದ. ನೀನು ಯಾಕೆ ಬರುತ್ತೀಯಮ್ಮಾ ಎಂದು ಅವಳನ್ನು ಕೇಳಲಿಲ್ಲ.

ಅವಳು ಗೊರಕೆ ಹೊಡೆಯುತ್ತಿದ್ದಳು. ಒಂದು ದಿನ ಮೇಷ್ಟ್ರು ಶಿಕ್ಷಕನನ್ನು ಪಕ್ಕಕ್ಕೆ ಕರೆದು, ಶವಾಸನವೆಂದರೆ ಎಚ್ಚರದ ಸ್ಥಿತಿ, ಇವಳ ಗೊರಕೆಯಲ್ಲಿ ನಮ್ಮ ಸಾಧನೆ ಕೆಡುತ್ತಿದೆ ಎಂದರು. ಅವರು ಅತ್ತ ಹೋದ ಮೇಲೆ ವ್ಯಾಪಾರಿ ಬಂದ. ವ್ಯಾಯಾಮಕ್ಕೆಂದು ಬಂದವರು ನಿದ್ದೆ ಮಾಡಿದರೆ ಕೊಬ್ಬು ಕರಗುತ್ತದೆಯೇ, ನಿದ್ದೆಗೆ ಮನೆಯಿಲ್ಲವೇ ಎಂದು ಕೇಳಿದ. ಶಿಕ್ಷಕನಿಗೆ ಒಳಗೊಳಗೇ ಸಂತೋಷವಾಯಿತು. ಎಷ್ಟೋ ತಿಂಗಳ ಮೇಲೆ ಇಬ್ಬರೂ ಒಂದು ಮಾತಿಗೆ ಒಪ್ಪಿದ್ದರು. ಇಬ್ಬರೂ ಒಪ್ಪಿದರೆಂದರೆ ಅದು ಸರಿಯೇ ಇರಬೇಕು ಎಂದುಕೊಂಡ.

ಮರುದಿನ ಶವಾಸನದ ಹೊತ್ತಿಗೆ ಅವನು ಬಾಗಿಲ ಹತ್ತಿರ ಹೋಗಿ ಬಗ್ಗಿ ಅವಳ ಭುಜ ಮುಟ್ಟಿದ. ಗದರಲಿಲ್ಲ. ಮೆಲ್ಲಗೆ, ಅಮ್ಮಾ, ಇದು ನಿದ್ದೆಯಲ್ಲ, ಎಚ್ಚರವಾಗಿರಬೇಕು ಎಂದ. ಅವಳು ಗಡಬಡಿಸಿ ಎದ್ದು, ಕಣ್ಣು ಬಿಡುವ ಮೊದಲೇ, “ಬಂದೆ ಅತ್ತೀ, ಬಂದೆ” ಎಂದಳು.

ಇಡೀ ಭವನ ನಕ್ಕಿತು. ಮೇಷ್ಟ್ರು ನಕ್ಕರು, ವ್ಯಾಪಾರಿ ನಕ್ಕ. ಶಿಕ್ಷಕನೂ ಸ್ವಲ್ಪ ನಕ್ಕ. ಅವಳೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಚಾದರ ಮಡಚಿ, ಎಲ್ಲರಿಗೂ ಕೈಮುಗಿದು ಹೋದಳು. ಅಂದು ಕ್ಲಾಸು ಬಿಟ್ಟಮೇಲೆ ಎರಡೂ ಗುಂಪಿನವರು ಒಂದೇ ಅಂಗಡಿಯಲ್ಲಿ ನಿಂತು ಚಹಾ ಕುಡಿದರು.

ಇಲ್ಲಿ ಫಕ್ಕೀರೇಶನಿಗೆ ತಡೆಯಲಾಗಲಿಲ್ಲ. “ಆದರೆ ಗುರುಗಳೇ, ಆ ಶಿಕ್ಷಕ ಹೇಳಿದ್ದು ಸರಿಯಲ್ಲವೇ? ಶವಾಸನದಲ್ಲಿ ನಿದ್ದೆ ಮಾಡಬಾರದು ಎಂದು ನಮಗೆ ಕಲಿಸಿದವರು ನೀವೇ.”

“ನಾನೇ. ಅವನು ಹೇಳಿದ್ದು ಸರಿಯೇ. ತಪ್ಪೆಂದು ನಾನು ಯಾವಾಗ ಹೇಳಿದೆ?” ಎಂದು ಗುರುಗಳು ಸಿಡುಕಿದರು. ಮತ್ತೆ ಮುಂದುವರಿಸಿದರು.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಕ್ಲಾಸಿನಲ್ಲಿ ಜಗಳ ತಣ್ಣಗಾಗಿತ್ತು. ಶವಾಸನದಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ತಾನು ಬಯಸಿದ್ದೆಲ್ಲ ಸಿಕ್ಕಿತ್ತು, ಆದರೂ ಶಿಕ್ಷಕನ ಮನಸ್ಸಿಗೆ ನೆಮ್ಮದಿಯಿಲ್ಲ. ಬಾಗಿಲ ಪಕ್ಕದ ಖಾಲಿ ಜಾಗದ ಮೇಲೆ ಕಣ್ಣು ಬಿದ್ದಾಗಲೆಲ್ಲ ಹೇಳಿಕೊಡುತ್ತಿದ್ದ ಆಸನದ ಹೆಸರೇ ಮರೆಯುತ್ತಿತ್ತು. ಎಂಟು ದಿನ ತಡೆದು ಒಂಬತ್ತನೆಯ ದಿನ ಖಾನಾವಳಿ ಹುಡುಕಿಕೊಂಡು ಹೋದ.

ಅವಳು ಹಿಂದಿನ ಕೋಣೆಯಲ್ಲಿ ಹಂಚಿನ ಮುಂದೆ ಕೂತಿದ್ದಳು. ಬಲಗೈ ಏಳುತ್ತಿರಲಿಲ್ಲ, ಎಡಗೈಯಲ್ಲಿ ಬಡಿಯುತ್ತಿದ್ದಳು. ಕಣ್ಣು ಗುಳಿಬಿದ್ದಿದ್ದವು. ಅವನನ್ನು ಕಂಡು ಕೈ ಒರೆಸಿಕೊಂಡು ಎದ್ದಳು. ಕೂರಿಸಿ ಬಿಸಿ ರೊಟ್ಟಿ ಬಡಿಸಿದಳು. ಯಾಕೆ ಬರುತ್ತಿಲ್ಲ ಎಂದು ಅವನು ಕೇಳಿದ. ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. ಅತ್ತೆಯ ವಿಷಯ, ರಾತ್ರಿಗಳ ವಿಷಯ, ಆ ಹತ್ತು ನಿಮಿಷದ ವಿಷಯ, ಎಲ್ಲ. ಶಿಕ್ಷಕನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ನಾಳೆಯಿಂದ ಬಾ ತಾಯಿ ಎಂದು ಬೇಡಿಕೊಂಡ. ಹತ್ತಲ್ಲ, ಇಪ್ಪತ್ತು ನಿಮಿಷ ಮಲಗು, ಯಾರೂ ಎಬ್ಬಿಸದ ಹಾಗೆ ನಾನೇ ಬಾಗಿಲಲ್ಲಿ ನಿಲ್ಲುತ್ತೇನೆ ಎಂದ.

ಅವಳಿಗೆ ಅವನ ಮೇಲೆ ಸಿಟ್ಟಿರಲಿಲ್ಲ. ಪಾಪ ಅನಿಸಿತು. ಆದರೂ ಇದ್ದದ್ದನ್ನೇ ಹೇಳಿದಳು.

“ನೀವು ಎಬ್ಬಸಂಗಿಲ್ಲ ಅನ್ನೋದು ಖರೇರಿ ಸರ. ಆದರ ಇನ್ನ ಅಲ್ಲಿ ನನಗ ನಿದ್ದಿ ಬರಂಗಿಲ್ರಿ. ಈಕಿ ಮಲಗ್ತಾಳೇನು ಅಂತ ಎಲ್ಲಾರೂ ನೋಡ್ಕೋತ ಇರ್ತಾರ.”

ಅಷ್ಟರಲ್ಲಿ ಮುಂದಿನ ಕೋಣೆಯಿಂದ ಯಾರೋ ರೊಟ್ಟಿ ಎಂದು ಕೂಗಿದರು. ಅವಳು ಎದ್ದು ಹೋದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಫಕ್ಕೀರೇಶ ಕಾದ. ಮುಂದಿನದು ಬರಲಿಲ್ಲ. ಅವನಿಗೆ ಸಂಕಟವಾಯಿತು. ಕತೆ ಕೇಳಿದರೆ ಗೊಂದಲ ಹರಿಯುತ್ತದೆಂದು ಬಂದವನಿಗೆ ಅದು ಇಮ್ಮಡಿಯಾಗಿತ್ತು. ಸಂಜೆಯ ಬಸ್ಸಿಗೆ ಹೊತ್ತಾಗುತ್ತಿತ್ತು, ಸೋಮವಾರ ಎದುರಿಗೇ ಇತ್ತು.

“ಹಾಗಾದರೆ ಆ ಶಿಕ್ಷಕ ಆಮೇಲೆ ಕಲಿಸಿದ್ದು ಸಾಧನೆಯನ್ನೋ, ವ್ಯಾಯಾಮವನ್ನೋ? ಅದನ್ನಾದರೂ ಹೇಳಿ ಗುರುಗಳೇ” ಎಂದು ಅವನು ಕೇಳಿದ.

ಗುರುಗಳು ಅವನ ಮುಖವನ್ನೇ ನೋಡಿದರು.

“ಅದಿರಲಿ. ಇಲ್ಲಿಗೆ ಬರುವ ಮೊದಲು ನೀನು ಯಾರನ್ನು ಎಬ್ಬಿಸಿ ಕಳಿಸಿದೆ, ಅದನ್ನು ಹೇಳು.”

ಫಕ್ಕೀರೇಶನ ಕಣ್ಣ ಮುಂದೆ ತನ್ನ ಕ್ಲಾಸಿನಲ್ಲಿ ಈಚೆಗೆ ಖಾಲಿಯಾದ ಒಂದು ಚಾಪೆಯ ಜಾಗ ಬಂತು.